ಒಂಟಿ ಕೋಣೆಯಲ್ಲಿ ಜೊತೆಗಿದ್ದ ದಾಸರ ಪದಗಳ ಪೆಟ್ಟಿಗೆ: ಬಳಸಿದವಳ ಅಭಿಪ್ರಾಯ

ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ವಿಕಿರಣಶೀಲ ಅಯೋಡಿನ್ ಕೊಡಬೇಕೆಂದು ವೈದ್ಯರು ಹೇಳಿದಾಗ, ನನ್ನನ್ನು ಹೆದರಿಸಿದ್ದು ಆ ಮದ್ದಲ್ಲ, ಅದರ ಬೆನ್ನಿಗೇ ಬರುವ ಒಂಟಿವಾಸ. ಅಯೋಡಿನ್ 131ರ ಗುಳಿಗೆಯನ್ನು ನುಂಗಿದವರ ಮೈಯಿಂದಲೇ ಕೆಲವು ದಿನ ವಿಕಿರಣ ಹೊಮ್ಮುವುದರಿಂದ, ಅದರ ಮಟ್ಟ ಇಳಿಯುವವರೆಗೆ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸುತ್ತಾರೆ. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಾರೆ. ಒಳಗೆ ಒಯ್ದ ಪುಸ್ತಕಕ್ಕಾಗಲಿ ಜಪಮಣಿಗಾಗಲಿ ಬೆವರಿನಿಂದಲೋ ಎಂಜಲಿನಿಂದಲೋ ಮದ್ದಿನ ಅಂಶ ತಗಲಿದ್ದರೆ ಅದು ನಮ್ಮ ಜೊತೆ ಮನೆಗೆ ಬರುವಂತಿಲ್ಲ. ಅಮ್ಮನ ಕೈಬರಹದ ದೇವರನಾಮಗಳ ಪುಸ್ತಕವನ್ನು ಅಲ್ಲಿಗೆ ಒಯ್ಯಲು ಮನಸ್ಸಾಗದೆ, ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ 1,450 ರೂಪಾಯಿ ಕೊಟ್ಟು, ದಾಸರ ಪದಗಳನ್ನು ಮೊದಲೇ ತುಂಬಿಟ್ಟಿರುವ ಅಂಗೈಯಗಲದ ಸ್ಪೀಕರ್ ಪೆಟ್ಟಿಗೆಯೊಂದನ್ನು ಕೊಂಡೆ. ಇಂಥ ಪೆಟ್ಟಿಗೆಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುವುದರಿಂದ ಇದರ ಹೆಸರನ್ನು ಬರೆಯುತ್ತಿಲ್ಲ.

ಮೊದಲು ಮೆಚ್ಚಬೇಕಾದ ಸಂಗತಿಯನ್ನು ಹೇಳುತ್ತೇನೆ. ಇದರ ಗುಂಡಿಗಳು ದಪ್ಪಗಿವೆ. ಆಸ್ಪತ್ರೆಯವರ ಸೂಚನೆಯಂತೆ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿದ್ದರೂ ಹೊರಗಿನಿಂದಲೇ ಒತ್ತಲು ಬಂದಿತು. ಧ್ವನಿ ಕೊಂಚ ಮಂಕಾಯಿತೇ ಹೊರತು ಸಾಹಿತ್ಯ ಸ್ಪಷ್ಟವಾಗಿ ಕೇಳಿಸಿತು. ಅದಕ್ಕಿಂತ ಮುಖ್ಯವಾಗಿ, ಇದರಲ್ಲಿರುವ ಹಾಡುಗಳ ಪೈಕಿ ಸುಮಾರು ಅರ್ಧದಷ್ಟನ್ನು ಬರಿಯ ತಂಬೂರಿಯ ಶ್ರುತಿಗೆ, ಅವಸರವಿಲ್ಲದೆ ಹಾಡಿಸಿದ್ದಾರೆ. ಉಳಿದರ್ಧಕ್ಕೆ ಕೀಬೋರ್ಡು, ಢೋಲಕ್ಕುಗಳ ಅಬ್ಬರವಿದೆ. ಗಂಟಲಿನ ಗಾಯ ಇನ್ನೂ ಮಾಗದೆ, ಈ ಚಿಕಿತ್ಸೆಗೆಂದು ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದರಿಂದ ಮೈಯೆಲ್ಲ ಭಾರವಾಗಿರುವವರಿಗೆ ಆ ಅಬ್ಬರ ಸಹಿಸಲಾಗದು. ಕನಕದಾಸರ ‘ತಲ್ಲಣಿಸದಿರು ಕಂಡ್ಯ’ ಪದವನ್ನು ಮದುವೆ ಮನೆಯ ವಾದ್ಯದ ವೇಗದಲ್ಲಿ ಹಾಡಿಸಿದವರು ಅದರ ಮೊದಲ ಎರಡು ಮಾತುಗಳನ್ನಾದರೂ ಓದಿಕೊಳ್ಳಬಹುದಿತ್ತು. ಅದೇ ಪೆಟ್ಟಿಗೆಯಲ್ಲಿ ವಾದಿರಾಜರ ‘ತಾಳುವಿಕೆಗಿಂತನ್ಯ ತಪವು ಇಲ್ಲ’ ಎಂಬ ಪದವನ್ನು ಹೆಂಗಸೊಬ್ಬರು, ಮನೆಯಲ್ಲಿ ಬತ್ತಿ ಹೊಸೆಯುತ್ತ ಹಾಡಿಕೊಳ್ಳುವವರಂತೆ ಹಾಡಿದ್ದಾರೆ. ಎರಡನೆಯ ರಾತ್ರಿ ಅದನ್ನೊಂದನ್ನೇ ಎಷ್ಟು ಸಲ ಕೇಳಿದೆನೋ ನೆನಪಿಲ್ಲ.

ನನ್ನ ಮುಖ್ಯ ಆಕ್ಷೇಪ ವಿಜಯದಾಸರ ಧನ್ವಂತರಿ ಸುಳಾದಿಯ ಬಗ್ಗೆ. ಕಾಯಿಲೆ ಬಿದ್ದವರ ಮನೆಯಲ್ಲಿ ಇದನ್ನು ಪಾರಾಯಣ ಮಾಡುವ ರೂಢಿ ನಮ್ಮಲ್ಲಿದೆ, ನಾನು ಪೆಟ್ಟಿಗೆಯನ್ನು ಕೊಂಡದ್ದೂ ಬಹುಪಾಲು ಅದಕ್ಕಾಗಿಯೇ. ಸುಳಾದಿಯೆಂದರೆ ಒಂದೊಂದು ನುಡಿಯೂ ಒಂದೊಂದು ತಾಳದಲ್ಲಿ ನಡೆಯುವ ರಚನೆ. ಧ್ರುವತಾಳದಲ್ಲಿ ಆರಂಭವಾಗಿ, ಕೊನೆಗೆ ಎರಡು ಸಾಲಿನ ‘ಜತೆ’ಯಲ್ಲಿ ಮುಗಿಯುತ್ತದೆ. ಈ ಪೆಟ್ಟಿಗೆಯನ್ನು ತಯಾರಿಸಿದವರು ತಾಳಕ್ಕೊಂದರಂತೆ ಅದನ್ನು ತುಂಡು ಮಾಡಿ, ತುಂಡುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸಿದ್ದಾರೆ. ಹೀಗಾಗಿ ಅಟ್ಟತಾಳದ ನುಡಿ ಧ್ರುವತಾಳಕ್ಕಿಂತ ಮುಂಚೆ ಬರುತ್ತದೆ, ಮುಗಿಸಬೇಕಾದ ಜತೆ ನಡುವೆಯೇ ಬಂದುಹೋಗುತ್ತದೆ, ಆಮೇಲೆ ಮಟ್ಟತಾಳ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. ರೋಗಿಯ ಪ್ರಾರ್ಥನೆಯಲ್ಲಿ ಮೊದಲು ಏನನ್ನು ಒಪ್ಪಿಸಬೇಕು, ಬೇಡಿಕೆಯನ್ನು ಯಾವಾಗ ಮುಂದಿಡಬೇಕು ಎಂಬ ಕ್ರಮವನ್ನು ದಾಸರು ಯೋಚಿಸಿಯೇ ಇಟ್ಟಿರುವಾಗ, ಇದನ್ನು ಸಣ್ಣ ತಾಂತ್ರಿಕ ದೋಷವೆಂದು ತಳ್ಳಿಹಾಕಲು ನನಗೆ ಸಾಧ್ಯವಾಗಲಿಲ್ಲ.

ಎರಡನೆಯ ಆಕ್ಷೇಪ ಡಬ್ಬಿಯ ಮೇಲಿನ ಚೀಟಿಗೆ ಸಂಬಂಧಿಸಿದ್ದು. ‘21 ದಿನ ಕೇಳಿದರೆ ಸರ್ವರೋಗ ನಿವಾರಣೆ’ ಎಂದು ಅದರಲ್ಲಿ ಅಚ್ಚಾಗಿದೆ. ಈ ಪದಗಳನ್ನು ಬರೆದವರು ಇಂಥ ಗಡುವನ್ನು ಎಲ್ಲಿಯೂ ಹಾಕಿಲ್ಲ. ಜಗನ್ನಾಥದಾಸರ ಕಥೆಯನ್ನೇ ನೋಡಬಹುದು. ಮುಂದೆ ಜಗನ್ನಾಥದಾಸರೆನಿಸಿದ ಮಾನ್ವಿಯ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಬಿಂಕದಲ್ಲಿ ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ನಿಜವಾಗಿಯೂ ಉದರವ್ಯಾಧಿ ಹತ್ತಿಕೊಂಡಿತಂತೆ. ಅವರು ಮಂತ್ರಾಲಯಕ್ಕೆ ಹೋಗಿ ರಾಯರನ್ನು ಬೇಡಿದರೂ ಅಲ್ಲಿ ವಾಸಿಯಾಗಲಿಲ್ಲ, ವಿಜಯದಾಸರಲ್ಲಿಗೇ ಹೋಗೆಂಬ ಸೂಚನೆ ಸಿಕ್ಕಿತು. ವಿಜಯದಾಸರು ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ನೆನೆದು ಜೋಳದ ರೊಟ್ಟಿ ಉಣ್ಣಿಸಿ, ತಮ್ಮ ಆಯುಷ್ಯದಲ್ಲೇ 40 ವರ್ಷವನ್ನು ಧಾರೆಯೆರೆದರು ಎಂದು ದಾಸ ಪರಂಪರೆ ಹೇಳುತ್ತದೆ. ‘ಎನ್ನ ಬಿನ್ನಪ ಕೇಳು ಧನ್ವಂತ್ರಿ’ ಎಂಬ ಗೋಪಾಲದಾಸರ ಪದ ಆ ಸಂದರ್ಭದ್ದೆನ್ನುತ್ತಾರೆ. ಮನೆಯಿಂದ ಮನೆಗೆ ಅಲೆದು, ತಪ್ಪೊಪ್ಪಿಕೊಂಡು, ಇನ್ನೊಬ್ಬರು ನಮಗಾಗಿ ಬೇಡುವವರೆಗೆ ಕಾದಿದ್ದವರ ಕಥೆಯದು. ಅದನ್ನು ಇಪ್ಪತ್ತೊಂದು ದಿನಕ್ಕೆ ಅಳೆದು ಚೀಟಿ ಅಂಟಿಸುವುದು ವ್ಯಾಪಾರವಷ್ಟೆ. ಚಿಕಿತ್ಸೆಗೆ ಮುಂಚಿನ ಎರಡು ವಾರ ಅಯೋಡಿನ್ ಬೆರೆಸಿದ ಉಪ್ಪು, ಹಾಲು, ಮೊಸರು ಯಾವುದೂ ಇಲ್ಲದೆ ಉಪ್ಪಿಲ್ಲದ ಜೋಳದ ರೊಟ್ಟಿಯನ್ನೇ ತಿಂದಿದ್ದ ನನಗೆ ಆ ರೊಟ್ಟಿಯ ಸಂಗತಿ ಹಿಂದೆಂದಿಗಿಂತ ಹತ್ತಿರವಾಯಿತು.

ಉಳಿದ ಕೊರತೆಗಳು ಸಣ್ಣವು. ಬ್ಯಾಟರಿ ಎಂಟು ಗಂಟೆ ಬರುವುದೆಂದಿದ್ದರೂ ಐದು ಗಂಟೆ ದಾಟಲಿಲ್ಲ. ಪ್ರತಿ ಸಲ ಆರಿಸಿ ಹಚ್ಚಿದಾಗಲೂ ಮೊದಲ ಹಾಡಿಗೇ ಮರಳುವುದರಿಂದ ರಾತ್ರಿ ಎರಡು ಗಂಟೆಗೆ ಸುಪ್ರಭಾತ ಮೊಳಗಿತು. ಮಿಣುಕುವ ನೀಲಿ ದೀಪದ ಮೇಲೆ ಗಾಯದ ಪಟ್ಟಿ ಅಂಟಿಸಿ ಮಲಗಬೇಕಾಯಿತು.

ನಾಲ್ಕನೆಯ ದಿನ ಬಿಡುಗಡೆಯ ವೇಳೆ ಸಿಬ್ಬಂದಿಯವರು ಮೀಟರ್ ಹಿಡಿದು ನೋಡಿ, ಪ್ಲಾಸ್ಟಿಕ್ ಚೀಲವನ್ನು ಅಲ್ಲಿಯೇ ಇರಿಸಿಕೊಂಡು ಪೆಟ್ಟಿಗೆಯನ್ನು ಹಿಂದಿರುಗಿಸಿದರು. ಮನೆಗೆ ಬಂದ ಮೇಲೂ ಎರಡು ವರ್ಷದ ಮೊಮ್ಮಗಳನ್ನು ಕೆಲವು ದಿನ ಎತ್ತಿಕೊಳ್ಳುವಂತಿರಲಿಲ್ಲ. ಅವಳು ಬಾಗಿಲಾಚೆ ನಿಂತು ಕೈ ಚಾಚಿ ಅತ್ತಾಗ ಯಾವ ಪದವೂ ಸಮಾಧಾನ ಹೇಳಲಿಲ್ಲ, ಪೆಟ್ಟಿಗೆಯಿಂದ ಅಷ್ಟನ್ನು ನಿರೀಕ್ಷಿಸುವುದೂ ಸರಿಯಲ್ಲ. ಕಳೆದುಹೋದೀತೆಂದು ಆಸ್ಪತ್ರೆಗೆ ಒಯ್ಯದೆ ಮನೆಯಲ್ಲೇ ಬಿಟ್ಟಿದ್ದ ರಿಮೋಟನ್ನು ಆ ದಿನಗಳಲ್ಲಿ ತೆರೆದು ನೋಡಿದಾಗಲಷ್ಟೇ, ಸಂಖ್ಯೆ ಒತ್ತಿದರೆ ಬೇಕಾದ ಹಾಡೇ ಬರುತ್ತದೆಂದು ತಿಳಿಯಿತು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕೊಳ್ಳುವವರು ಅಂಗಡಿಯಲ್ಲೇ ಹಚ್ಚಿಸಿ, ತಂಬೂರಿಯ ಶ್ರುತಿಯ ಹಾಡುಗಳಿರುವುದನ್ನೇ ಆರಿಸಿಕೊಳ್ಳಲಿ. ರಿಮೋಟನ್ನೂ ಇನ್ನೊಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಲಿ. ಮುಂದಿನ ತಿಂಗಳು ಇದೇ ಚಿಕಿತ್ಸೆಗೆ ಹೋಗಲಿರುವ ನಮ್ಮ ಬೀದಿಯ ಒಬ್ಬರಿಗೆ ನನ್ನ ಪೆಟ್ಟಿಗೆಯನ್ನು ಕೊಟ್ಟಿದ್ದೇನೆ. ಡಬ್ಬಿಯ ಮೇಲಿದ್ದ ಚೀಟಿಯನ್ನು ಕಿತ್ತು, ಅಲ್ಲಿ ಬೇರೊಂದನ್ನು ಅಂಟಿಸಿದ್ದೇನೆ: ‘ಧನ್ವಂತರಿ ಸುಳಾದಿ – 115, 117, 118, 114, 113, ಕೊನೆಗೆ 116.’