ಮದುವೆಗೆ ಹೆಲಿಕಾಪ್ಟರ್ ಅಂತ ಮುಂಗಡ ಕೊಡುವ ಮೊದಲು ಇದನ್ನು ಓದಿ

ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರೇ, ಮದುವೆಗೆ ಹೆಲಿಕಾಪ್ಟರ್ ಮಾಡಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಫೋನ್ ಮಾಡುತ್ತಿದ್ದಾನೆ. ಮಾತು ಮಾತ್ರ ಬೆಣ್ಣೆ. ಒಂದು ರೂಪಾಯಿ ಕೊಡಬೇಡಿ. ನಮ್ಮ ಒಂದು ಲಕ್ಷ ಇನ್ನೂ ಅವನ ಹತ್ತಿರವೇ ಇದೆ.

ಅಣ್ಣನ ಮಗಳ ಮದುವೆ. ದುಬೈಯಲ್ಲಿರುವ ಭಾವನಿಗೆ ಒಂದೇ ಆಸೆ: ಮದುಮಗ ಶಾಲೆ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿಯಬೇಕು, ಮೇಲಿನಿಂದ ಹೂ ಸುರಿಯಬೇಕು. "ಪರ್ಮಿಟ್ ಉಂಟು, ಪೈಲಟ್ ಉಂಟು, ಎಲ್ಲ ಉಂಟು ಸಾರ್" ಅಂದ ಏಜೆಂಟ್. ಮದುಮಗ, ಅಪ್ಪ, ಅಮ್ಮ, ತಂಗಿ, ಮತ್ತೆ ಫೋಟೋದವನು, ಐದು ಜನ ಹಿಡಿಸ್ತಾರಾ ಅಂತ ಕೇಳಿದೆ. "ಆರಾಮ." ಅವನು ಕಳಿಸಿದ ಫೋಟೋದಲ್ಲಿದ್ದದ್ದು ರಾಬಿನ್ಸನ್ ಆರ್44. ಅದರಲ್ಲಿ ಪೈಲಟ್ ಸೇರಿ ನಾಲ್ಕೇ ಸೀಟು! ರಾತ್ರಿ ರಿಸೆಪ್ಶನ್‌ಗೂ ಇಳಿಸುತ್ತಾನಂತೆ, ನಾವು ನಾಲ್ಕು ಫೋಕಸ್ ಲೈಟ್ ಹಾಕಿಸಿದರೆ ಸಾಕಂತೆ. ಶಾಲೆ ಮೈದಾನಕ್ಕೆ ಕತ್ತಲಾದ ಮೇಲೆ ಹೆಲಿಕಾಪ್ಟರ್! ಕಣ್ಣಿಗೆ ನೆಲ ಕಂಡು ಹಾರಿಸುವ ಹಾರಾಟ ಅದು, ಹಗಲಿನದ್ದು.

ಮೈದಾನದ ಅನುಮತಿಗೆ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ ಹೋದೆ. ಹೆಲಿಕಾಪ್ಟರ್ ಕಂಪನಿಯ ಪತ್ರ ತನ್ನಿ ಅಂದರು. ಕೇಳಬೇಕಾದದ್ದೇ ಅಲ್ವಾ? ಇವನಿಗೆ ಹೇಳಿದರೆ, "ಅದು ಪಾರ್ಟಿ ಕಡೆಯವರ ಕೆಲಸ ಸಾರ್." ಹೂವಿನ ಅನುಮತಿ ಕೇಳಿದೆ. "ಹೂವಿಗೆಲ್ಲ ಯಾರು ಕೇಳ್ತಾರೆ ಸಾರ್?" ಕೇಳುತ್ತಾರೆ ಮಾರಾಯ್ರೆ. ಹಾರುತ್ತಿರುವಾಗ ಮೇಲಿನಿಂದ ಏನೇ ಹಾಕುವುದಿದ್ದರೂ ಅನುಮತಿ ಬೇಕು ಅಂತ 1937ರ ವಿಮಾನ ನಿಯಮಗಳಲ್ಲೇ ಇದೆ.

ಹಾಗಾದರೆ ಪರ್ಮಿಟ್ ತೋರಿಸು ಅಂತ ಪಟ್ಟು ಹಿಡಿದೆ. ಒಂದು ಪಿಡಿಎಫ್ ಬಂತು. ದೇಶದ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಕೊಟ್ಟ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್. ದುಡ್ಡು ತಗೊಂಡು ಜನರನ್ನು ಹತ್ತಿಸಬೇಕಾದರೆ ಇದು ಇರಲೇಬೇಕು, ಖಾಸಗಿ ಹೆಲಿಕಾಪ್ಟರನ್ನು ಬಾಡಿಗೆಗೆ ಬಿಡುವ ಹಾಗಿಲ್ಲ. ಆದರೆ ಅದರಲ್ಲಿದ್ದದ್ದು ಬೆಲ್ 407. ಫೋಟೋದ್ದು ಬೇರೆ. ಬಾಲದ ಮೇಲಿನ ವಿಟಿ ಅಕ್ಷರಗಳೂ, ಅಂದರೆ ನೋಂದಣಿ ನಂಬರೂ, ಬೇರೆ. ಕಂಪನಿಯ ನಂಬರ್ ಹುಡುಕಿ ನಾನೇ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಪಾಪ, ಎರಡು ಸಲ ದಿನಾಂಕ ಕೇಳಿದರು. "ಪರ್ಮಿಟ್ ನಮ್ಮದೇ ಸರ್. ಆದರೆ ಆ ದಿನ ಕಾಸರಗೋಡಿಗೆ ನಮ್ಮ ಯಾವ ಬುಕಿಂಗೂ ಇಲ್ಲ. ಆ ಹೆಸರಿನ ಏಜೆಂಟ್ ನಮಗೆ ಗೊತ್ತೇ ಇಲ್ಲ."

ಕಾಗದ ಪತ್ರ ಅಂದರೆ ಊರಲ್ಲಿ ಎಲ್ಲರೂ ನನ್ನನ್ನೇ ಕರೆಯುವುದು. ಫೋನ್ ಇಟ್ಟು ಅಂಗಳದಲ್ಲೇ ನಿಂತೆ. ಒಳಗೆ ಅತ್ತಿಗೆ ಯಾರಿಗೋ ಹೇಳುತ್ತಿದ್ದರು, ಹೆಲಿಕಾಪ್ಟರ್ ಗಾಳಿಗೆ ಚಪ್ಪರ ಹಾರೀತು, ಸ್ವಲ್ಪ ದೂರ ಹಾಕಿಸಿ ಅಂತ. ಮದುವೆ ಕಾಗದದಲ್ಲೂ ಹೆಲಿಕಾಪ್ಟರ್ ವಿಷಯ ಅಚ್ಚಾಗಿ ಹಂಚಿ ಆಗಿತ್ತು. ಎಂತ ಹೇಳುವುದು ಅವರಿಗೆ?

ಅವನಿಗೆ ಫೋನ್ ಮಾಡಿದರೆ ಮೊದಲು, "ಅದು ಟೈಪಿಂಗ್ ಮಿಸ್ಟೇಕ್ ಸಾರ್." ಆಮೇಲೆ, "ಸಿಸ್ಟರ್ ಕಂಪನಿ ಸಾರ್." ಮದುವೆಯ ಬೆಳಿಗ್ಗೆ, "ವೆದರ್ ಸರಿ ಇಲ್ಲ ಸಾರ್, ದೇವರ ಕೈಲಿ ಇರೋದು." ಇಲ್ಲಿ ಸುಡು ಬಿಸಿಲು! ಮದುಮಗ ಇನ್ನೋವಾದಲ್ಲಿ ಬಂದ. ಬಂದವರೆಲ್ಲ ಆಕಾಶ ನೋಡಿ ನನ್ನ ಮುಖ ನೋಡಿದರು. ಭಾವ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಹೆಲಿಕಾಪ್ಟರ್ ಬೇಕೇ ಬೇಕು ಅಂತಿದ್ದರೆ ಏಜೆಂಟನ್ನು ಬಿಡಿ. ಪರ್ಮಿಟ್ ಇರುವ ಕಂಪನಿಗೇ ಫೋನ್ ಮಾಡಿ. ಬರುವ ಹೆಲಿಕಾಪ್ಟರಿನ ವಿಟಿ ನಂಬರ್ ಅವರ ಪರ್ಮಿಟ್‌ನಲ್ಲಿ ಉಂಟಾ ನೋಡಿ. ಮಳೆ ಬಂದು ಹಾರದಿದ್ದರೆ ದುಡ್ಡು ಏನಾಗುತ್ತದೆ ಅಂತ ಬರೆಸಿಕೊಳ್ಳಿ. ಮುಂಗಡ ಕಂಪನಿಯ ಖಾತೆಗೇ ಹಾಕಿ, ಯಾರದ್ದೋ ಗೂಗಲ್ ಪೇಗೆ ಅಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ದುಡ್ಡು ಕೇಳಿದ್ದಕ್ಕೆ ಅವನಿಂದ ಕೊನೆಗೆ ಬಂದ ಮೆಸೇಜ್ ಇದು: "ಮದುವೆ ಚೆನ್ನಾಗಿ ಆಯ್ತಲ್ವಾ ಸಾರ್, ಸುಮ್ನೆ ಯಾಕೆ ಬೇಜಾರು?"