ಲಿನಕ್ಸ್ ಸೆಕ್ಯುರಿಟಿ ಕಲಿಯಲು ಬ್ಯಾಂಡಿಟ್: ಎಲ್ಲಿವರೆಗೆ ಸಾಕು, ಎಲ್ಲಿ ಸಾಲದು

ಲಿನಕ್ಸ್ ಕಮಾಂಡ್‌ಗಳೇ ಇನ್ನೂ ಕೈಗೆ ಹತ್ತದವರು ಸೆಕ್ಯುರಿಟಿ ಕೋರ್ಸ್‌ಗೆ ದುಡ್ಡು ಸುರಿಯುವ ಮುಂಚೆ ಓವರ್‌ದವೈರ್ ಎಂಬ ಸೆಕ್ಯುರಿಟಿ ಅಭ್ಯಾಸದ ತಾಣದ ‘ಬ್ಯಾಂಡಿಟ್’ ಆಟ ಆಡಿ ನೋಡಬೇಕು. ಪೂರ್ತಿ ಉಚಿತ, ಖಾತೆ ತೆರೆಯಬೇಕಿಲ್ಲ, ಇಮೇಲ್ ಕೊಡಬೇಕಿಲ್ಲ. ಟರ್ಮಿನಲ್‌ನಿಂದ ಎಸ್‌ಎಸ್‌ಎಚ್ (ದೂರದ ಮಶೀನಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಸಾಧನ) ಮೂಲಕ ಅವರ ಸರ್ವರ್‌ಗೆ ಲಾಗಿನ್ ಆಗಿ, ಮುಂದಿನ ಹಂತದ ಪಾಸ್‌ವರ್ಡ್ ಹುಡುಕುವುದೇ ಆಟ. ಶುರುವಿಗೆ ಯೂಸರ್ ಹೆಸರೂ ಪಾಸ್‌ವರ್ಡೂ ‘bandit0’. ಪೋರ್ಟ್ (ಸರ್ವರ್‌ನ ಪ್ರವೇಶ ಸಂಖ್ಯೆ) ಮಾತ್ರ ಮಾಮೂಲಿ 22 ಅಲ್ಲ, 2220. ಅದನ್ನು ಕೊಡಲು ಮರೆತರೆ ಸರಿಯಾದ ಪಾಸ್‌ವರ್ಡ್ ಹೊಡೆದರೂ ಒಳಗೆ ಬಿಡುವುದಿಲ್ಲ. ಟೈಪ್ ಮಾಡುವಾಗ ಪರದೆಯಲ್ಲಿ ಒಂದು ಚುಕ್ಕಿಯೂ ಮೂಡುವುದಿಲ್ಲ, ಗಾಬರಿ ಬೇಡ. ಆಟ ಏನನ್ನೂ ಉಳಿಸಿಕೊಳ್ಳುವುದಿಲ್ಲ; ಸಿಕ್ಕ ಪಾಸ್‌ವರ್ಡ್‌ಗಳನ್ನು ನೀವೇ ಬರೆದಿಟ್ಟುಕೊಳ್ಳಿ.

ಮೊದಲ ಹತ್ತು ಹಂತ ಕೈ ಪಳಗಿಸಲು. ಬರೀ ‘-’ ಎಂಬ ಹೆಸರಿನ ಫೈಲ್ ತೆರೆಯುವುದು, ಅಡಗಿದ ಫೈಲ್, ಗಾತ್ರ ನೋಡಿ ಹುಡುಕುವುದು, ಇಂಥವು. 12ರಲ್ಲಿ ಹಲವರು ಸಿಕ್ಕಿಬೀಳುತ್ತಾರೆ. ಮತ್ತೆ ಮತ್ತೆ ಕಂಪ್ರೆಸ್ ಮಾಡಿದ ಫೈಲ್ ಅದು, ಹೆಕ್ಸ್ ರೂಪದಲ್ಲಿರುತ್ತದೆ (ಬೈಟ್‌ಗಳನ್ನು ಅಂಕಿ-ಅಕ್ಷರಗಳಲ್ಲಿ ಬರೆದದ್ದು); ಮೊದಲು ಅದನ್ನು ಮೂಲ ರೂಪಕ್ಕೆ ತಿರುಗಿಸಬೇಕು. ಹೋಮ್ ಡೈರೆಕ್ಟರಿಯಲ್ಲಿ ಬರೆಯಲು ಅನುಮತಿ ಇಲ್ಲ, ಆದ್ದರಿಂದ ತಾತ್ಕಾಲಿಕ ಫೈಲ್‌ಗಳಿಗಿರುವ ಟೆಂಪ್ (/tmp) ಒಳಗೆ ಹೊಸ ಡೈರೆಕ್ಟರಿ ಮಾಡಿ ಕಾಪಿ ಮಾಡಿಕೊಳ್ಳಬೇಕು. ಪ್ರತಿ ಸುತ್ತಿಗೂ ‘ಫೈಲ್’ ಕಮಾಂಡ್‌ನಿಂದ ಯಾವ ಬಗೆಯದೆಂದು ನೋಡಿ, ಹೆಸರಿನ ಕೊನೆಗೆ ತಕ್ಕ ಬಾಲ (.gz ಥರದ್ದು) ಸೇರಿಸಿ ಬಿಚ್ಚಬೇಕು. ಬಾಲ ಸರಿಯಿಲ್ಲದಿದ್ದರೆ ಬಿಚ್ಚುವ ಕಮಾಂಡ್ ‘ಗನ್‌ಜಿಪ್’ ಫೈಲನ್ನು ಮುಟ್ಟುವುದೂ ಇಲ್ಲ.

ಸೆಕ್ಯುರಿಟಿ ಪಾಠ ನಿಜವಾಗಿ ಶುರುವಾಗುವುದು 19ರ ಸೆಟ್‌ಯುಐಡಿ ಹಂತದಿಂದ. ಅನುಮತಿಗಳ ಸಾಲಿನಲ್ಲಿ ಮಾಲೀಕನ ‘ಎಕ್ಸ್’ (ಓಡಿಸುವ ಅನುಮತಿ) ಇರಬೇಕಾದಲ್ಲಿ ‘ಎಸ್’ ಇದ್ದರೆ, ಯಾರು ಓಡಿಸಿದರೂ ಆ ಪ್ರೋಗ್ರಾಮ್ ಮಾಲೀಕನ ಅಧಿಕಾರದಲ್ಲೇ ಓಡುತ್ತದೆ. ಇದು ತಲೆಗೆ ಹೋದ ಮೇಲೆ ನಿಮ್ಮ ಸ್ವಂತ ಮಶೀನಿನಲ್ಲಿ ಅಂಥ ಫೈಲ್‌ಗಳನ್ನು ‘ಫೈಂಡ್’ನಿಂದ ಪಟ್ಟಿ ಮಾಡಿ ನೋಡಿ. 23ರಲ್ಲಿ ಬೇರೆ ಯೂಸರ್‌ನ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ನಿಮ್ಮ ಸ್ಕ್ರಿಪ್ಟನ್ನು ಓಡಿಸಿ ಅಳಿಸಿಬಿಡುತ್ತದೆ, ಮೂಲ ಪ್ರತಿ ಬೇರೆಡೆ ಇರಲಿ. ಸ್ಕ್ರಿಪ್ಟ್ ಸರಿಯಿದ್ದೂ ಏನೂ ಬರದಿದ್ದರೆ ಟೆಂಪ್ ಡೈರೆಕ್ಟರಿಯ ಅನುಮತಿ ನೋಡಿ: ಅದನ್ನು ‘ಎಂಕೆಟೆಂಪ್’ ಕಮಾಂಡ್‌ನಿಂದ ಮಾಡಿದ್ದರೆ ಅನುಮತಿ 700, ಅಂದರೆ ಮಾಲೀಕನಿಗೆ ಮಾತ್ರ, ಇನ್ನೊಬ್ಬ ಯೂಸರ್ ಅಲ್ಲಿ ಬರೆಯಲಾರ.

13ನೇ ಹಂತದಲ್ಲಿ ಸಿಗುವ ಪ್ರೈವೇಟ್ ಕೀಯನ್ನು (ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಫೈಲ್) ಸ್ವಂತ ಮಶೀನಿಗೆ ತಂದಾಗ ಅನುಮತಿ 600 ಇರಲಿ, ಬೇರೆಯವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಕೀಯನ್ನು ತಿರಸ್ಕರಿಸುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಬಳಸುವವರು ಕೀಯನ್ನು ಸಿ ಡ್ರೈವ್‌ನಲ್ಲಿಟ್ಟರೆ ಅನುಮತಿ ಬದಲಿಸುವ ಸಿಎಚ್‌ಮಾಡ್ ಹಾಕಿದ್ದೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಲಿನಕ್ಸ್ ಕಡೆಯ ಹೋಮ್‌ಗೆ ಹಾಕಿಕೊಳ್ಳಿ.

ಉತ್ತರ ಹೇಳುವ ವಿಡಿಯೋಗಳಿಗೆ ಬರವಿಲ್ಲ. ಪಾಸ್‌ವರ್ಡ್‌ಗಳನ್ನು ಬದಲಿಸಿರುವುದರಿಂದ ಹಳೆಯವು ನಡೆಯುವುದಿಲ್ಲ, ಒಳ್ಳೆಯದೇ ಆಯಿತು. ಪ್ರತಿ ಹಂತದ ಪುಟದಲ್ಲೇ ಬೇಕಾಗಬಹುದಾದ ಕಮಾಂಡ್‌ಗಳ ಹೆಸರಿವೆ; ಅವುಗಳ ಮ್ಯಾನ್ ಪುಟ (ಲಿನಕ್ಸ್‌ನಲ್ಲೇ ಇರುವ ಕೈಪಿಡಿ) ಓದುವುದರಲ್ಲೇ ಅರ್ಧ ಕಲಿಕೆ ಇದೆ. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ.

ಕೊರತೆ ದೊಡ್ಡದೇ. ಫೈರ್‌ವಾಲ್, ಲಾಗ್, ಆಪ್‌ಆರ್ಮರ್ (ಪ್ರೋಗ್ರಾಮ್‌ಗಳಿಗೆ ಕಡಿವಾಣ ಹಾಕುವ ಸಾಧನ), ಅಪ್‌ಡೇಟ್ ಒಂದೂ ಇಲ್ಲ. ಬಾಗಿಲು ತೆರೆಯುವುದನ್ನು ಕಲಿಸುತ್ತದೆ, ಮುಚ್ಚುವುದನ್ನಲ್ಲ. ಅದಕ್ಕೆ ಲಿನಕ್ಸ್‌ನ ಡೆಬಿಯನ್ ಬಗೆಯನ್ನು ಬಳಸುವವರು, ಗೊತ್ತಾದ ದೋಷಗಳನ್ನು ಪಟ್ಟಿ ಮಾಡುವ ಡೆಬಿಯನ್‌ನ ಸೆಕ್ಯುರಿಟಿ ಟ್ರ್ಯಾಕರ್ ಓದುವ ರೂಢಿ ಮಾಡಿಕೊಳ್ಳಬೇಕು. ಅಭ್ಯಾಸಕ್ಕೆ ಸಿವಿಇ-2024-3094 (ಸಿವಿಇ ಅಂದರೆ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ತೆರೆಯಿರಿ: 2024ರ ಮಾರ್ಚ್ 29ರಂದು ಬಯಲಾದ, ಎಕ್ಸ್‌ಝಡ್ ಎಂಬ ಕಂಪ್ರೆಸ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಕದ್ದು ಸೇರಿಸಿದ್ದ ಹಿಂಬಾಗಿಲು. ಅದು ಇದ್ದದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಡೆಬಿಯನ್‌ನ ಪರೀಕ್ಷೆಯ ಶಾಖೆಗಳಾದ ಟೆಸ್ಟಿಂಗ್, ಅನ್‌ಸ್ಟೇಬಲ್‌ಗೆ ಬಂದಿತ್ತು, ಎಲ್ಲರ ಬಳಕೆಗೆ ಬಿಡುವ ಸ್ಟೇಬಲ್‌ಗೆ ಬಂದಿರಲಿಲ್ಲ. ಮತ್ತೊಂದು ಎಚ್ಚರ: ಸ್ಟೇಬಲ್‌ನಲ್ಲಿ ಸಾಮಾನ್ಯವಾಗಿ ಹಳೆಯ ಆವೃತ್ತಿಗೇ ತೇಪೆ ಹಾಕುತ್ತಾರೆ. ಆವೃತ್ತಿ ಸಂಖ್ಯೆ ಹಳತೆಂದು ಹೆದರಿ, ಸಿಕ್ಕ ಕಡೆಯಿಂದ ಹೊಸ ಪ್ಯಾಕೇಜ್ ತಂದು ಹಾಕಿದರೆ ಡೆಬಿಯನ್ ಕೊಡುವ ತೇಪೆಗಳು ಆ ಪ್ಯಾಕೇಜ್‌ಗೆ ದಕ್ಕುವುದಿಲ್ಲ.