ಕೊಪ್ಪಳದಲ್ಲಿ ಕೇಬಲ್ ಇಂಟರ್ನೆಟ್ ಹಾಕಿಸುವವರೇ, ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಬೇಡಿ

ಕೊಪ್ಪಳ, ಭಾಗ್ಯನಗರದ ಕಡೆ ಮನೆಗೆ ಹೊಸದಾಗಿ ಕೇಬಲ್ ಇಂಟರ್ನೆಟ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಂಪನಿ ಹೆಸರು ಹಾಕುತ್ತಿಲ್ಲ. ನಮ್ಮ ಓಣಿಯಲ್ಲಿ ಬೇರೆ ಕಂಪನಿಯ ಕನೆಕ್ಷನ್ ಇದ್ದವರದ್ದೂ ಇದೇ ಗೋಳು.

ಕೇಬಲ್‌ನವರು ಮನೆಗೆ ಬಂದು ಹೇಳಿದ್ದು ಇಷ್ಟು: "ಅಣ್ಣಾರ, ನೂರು ಎಂಬಿಪಿಎಸ್ ಸ್ಪೀಡ್ ಐತ್ರಿ, ಪೂರಾ ಅನ್‌ಲಿಮಿಟೆಡ್. ಆರು ತಿಂಗಳದ್ದು ಒಮ್ಮೆಲೆ ಕಟ್ಟಿದ್ರ ರೌಟರ್ ಫ್ರೀ." ಪಾಂಪ್ಲೆಟ್‌ನಲ್ಲಿ ತಿಂಗಳಿಗೆ 599 ರೂಪಾಯಿ ಅಂತ ಇತ್ತು. ಬಿಲ್ಲಿನಲ್ಲಿ 18% ಜಿಎಸ್‌ಟಿ ಸೇರಿ 707 ಆಯಿತು. ಫ್ರೀ ಅಂದಿದ್ದ ರೌಟರ್‌ಗೂ ಡಿಪಾಸಿಟ್ ಕೇಳಿದರು, ವೈರ್ ಎಳೆದದ್ದಕ್ಕೆ ಬೇರೆ ದುಡ್ಡು.

ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಪ್ರತಿ ತಿಂಗಳೂ ಕೊನೆಯ ವಾರ ಬಂತೆಂದರೆ ಮಗಳ ನೀಟ್ ಕೋಚಿಂಗ್ ಕ್ಲಾಸು ನಿಂತು ನಿಂತು ಬರತೊಡಗಿತು. "ಅಪ್ಪಾ, ಸರ್ ಏನೋ ಹೇಳಾಕತ್ತಾರ, ಒಂದೂ ಕೇಳವಲ್ದು" ಅಂತ ಅವಳು ಅಳುಮುಖ ಮಾಡಿಕೊಂಡು ಬರುತ್ತಿದ್ದಳು. ಲೈನ್ ನೋಡುವ ಹುಡುಗನಿಗೆ ಫೋನ್ ಮಾಡಿದರೆ ಒಂದು ಸಲ ಹೊಸಪೇಟೆ ಕಡೆ ಫೈಬರ್ ಕಟ್ ಆಗಿದೆ ಅಂತ, ಇನ್ನೊಂದು ಸಲ ರೌಟರ್ ಆಫ್ ಮಾಡಿ ಆನ್ ಮಾಡಿ ಅಂತ. ಕೊನೆಗೆ ಆಫೀಸಿಗೇ ಹೋಗಿ ಕೂತಾಗ ನಿಜ ಹೊರಗೆ ಬಂತು. ನಮ್ಮ ಪ್ಲಾನಿಗೆ 500 ಜಿಬಿ ಮಿತಿ ಇದೆಯಂತೆ, ಅದು ದಾಟಿದರೆ ಸ್ಪೀಡ್ 2 ಎಂಬಿಪಿಎಸ್‌ಗೆ ಇಳಿಯುತ್ತದಂತೆ. ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ) ಅನ್ನುವುದು ಇದನ್ನೇ. ನೆಟ್ ಬಂದ್ ಆಗುವುದಿಲ್ಲವಲ್ಲ, ಅದಕ್ಕೇ ಅನ್‌ಲಿಮಿಟೆಡ್ ಅನ್ನುತ್ತೇವೆ ಅಂದರು.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಅವರು ಮಾರುವ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಅದು ಸೆಕೆಂಡಿಗೆ 12.5 ಎಂಬಿ (ಮೆಗಾಬೈಟ್). ಆ ಸ್ಪೀಡು ನಿಜವಾಗಿ ಪೂರ್ತಿ ಬಂದು, ನೀವು ಅದನ್ನು ಪೂರ್ತಿ ಬಳಸಿದರೆ 500 ಜಿಬಿ ಮುಗಿಯಲು ಹನ್ನೊಂದು ತಾಸು ಚಿಲ್ಲರೆ ಸಾಕು. ಇಡೀ ತಿಂಗಳಿಗೆ ಹನ್ನೊಂದು ತಾಸು! ಹಾಗೆ ಯಾರೂ ಬಳಸುವುದಿಲ್ಲ, ಸರಿ. ಆದರೆ ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ಮನೆಯಲ್ಲಿ ಟಿವಿ, ಕ್ಲಾಸು, ಮೊಬೈಲ್ ಎಲ್ಲ ಸೇರಿ ದಿನಕ್ಕೆ ಆರು ತಾಸು ನಡೆದರೂ ತಿಂಗಳ ಕೊನೆಗೆ ಮಿತಿ ದಾಟಿರುತ್ತದೆ. ಇದು ಜಾಸ್ತಿ ಬಳಕೆಯೇನಲ್ಲ, ಸಾಮಾನ್ಯ ಸಂಸಾರದ ಬಳಕೆ. ಮಕ್ಕಳ ಓದಿಗೆ ಅಂತ ದುಡ್ಡು ಹೊಂದಿಸಿ ಕಟ್ಟುವವರಿಗೆ ಹೀಗೆ ಮುಚ್ಚಿಟ್ಟು ಮಾರುವುದು ಮೋಸವೇ ಅಲ್ವಾ?

ಮಿತಿ ಎಷ್ಟು, ದಾಟಿದ ಮೇಲೆ ಸ್ಪೀಡ್ ಎಷ್ಟು ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಅಂತ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಟ್ರಾಯ್ 2016ರಲ್ಲೇ ಕಂಪನಿಗಳಿಗೆ ಆದೇಶ ಕೊಟ್ಟಿದೆ. ಹಾಗಾಗಿ ದುಡ್ಡು ಕೊಡುವ ಮೊದಲೇ ಈ ಎರಡು ಅಂಕಿಗಳನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಮೊದಲು ಒಂದೇ ತಿಂಗಳದ್ದು ಕಟ್ಟಿ. ಸ್ಪೀಡ್ ಟೆಸ್ಟ್ ಮಾಡುವಾಗ ಲ್ಯಾಪ್‌ಟಾಪ್‌ಗೆ ಲ್ಯಾನ್ ವೈರ್ ಹಾಕಿಯೇ ಮಾಡಿ, ಇಲ್ಲದಿದ್ದರೆ ನಿಮ್ಮ ವೈಫೈದೇ ತಪ್ಪು ಅಂತ ಜಾರಿಕೊಳ್ಳುತ್ತಾರೆ.

ಲೈನ್ ಹುಡುಗನಿಗೆ ಸುಮ್ನೆ ಫೋನ್ ಮಾಡುತ್ತಾ ಕೂತರೆ ದಾಖಲೆ ಏನೂ ಉಳಿಯುವುದಿಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನಂಬರ್) ತೆಗೆದುಕೊಳ್ಳಿ. ಕೆಲಸ ಆಗದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಗೆ ಬರೆಯಿರಿ. ಒಬ್ಬೊಬ್ಬರ ದೂರನ್ನು ಟ್ರಾಯ್ ನೇರವಾಗಿ ಬಗೆಹರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ. 1915 ಗ್ರಾಹಕ ಸಹಾಯವಾಣಿ ಇದೆ. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗಕ್ಕೂ ಒಯ್ಯಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನೀವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಫೀಸೂ ಇಲ್ಲ.

ನಾನು ಅಪೀಲಿಗೆ ಹಾಕಿದ್ದೇನೆ, ಉಳಿದ ತಿಂಗಳುಗಳ ದುಡ್ಡು ಇನ್ನೂ ಬಂದಿಲ್ಲ. ಇದೇ ಪ್ಲಾನ್ ಹಾಕಿಸಿಕೊಂಡವರು ಯಾರಾದರೂ ಇದ್ದರೆ ನಿಮ್ಮ ಬಿಲ್ ಮತ್ತು ಆ ಪಾಂಪ್ಲೆಟ್ ತೆಗೆದಿಟ್ಟುಕೊಳ್ಳಿ, ಎಸೆಯಬೇಡಿ.